ಮಳೆ ಬಂದರೆ ಜಾರುತ್ತಿದ್ದ ಬೆಲ್ಟು

ಸೌತ್ ಬೆಂಡ್
ನವೆಂಬರ್ ಇಪ್ಪತ್ತೆರಡು

ಪ್ರೀತಿಯ ತಮ್ಮ ಆರ್ವಿಡ್‌ಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಯಾರೋ ಹೋಗಿಬಿಟ್ಟರು ಅಂದುಕೊಳ್ಳಬೇಡ. ಯಾರೂ ಹೋಗಿಲ್ಲ. ನನಗೆ ಮಂಡಿ ನೋವು, ಅಷ್ಟೆ. ಎಂಟು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕ್ರಿಸ್ಮಸ್ ಕಾರ್ಡು ಕಳಿಸುತ್ತಲೇ ಇದ್ದೇವೆ, ಅದರೊಳಗೆ ಹೆಸರು ಬಿಟ್ಟು ಇನ್ನೊಂದು ಪದ ಬರೆಯದೆ. ಈಗ ಬರೆಯಬೇಕಾಗಿ ಬಂದಿದೆ. ಅಮ್ಮನ ವ್ಯಾನಿನ ವಿಷಯ.

ಅದನ್ನು ನಾನು ಗುಜರಿಗೆ ಹಾಕಲಿಲ್ಲ. ನೀನು ಹಾಕು ಅಂದಿದ್ದೆ. ನಾನು ತಾಡಪಾಲು ಹೊದಿಸಿ ಶೆಡ್ಡಿನ ಪಕ್ಕ ನಿಲ್ಲಿಸಿದೆ. ಏಳು ವರ್ಷ ಹಾಗೇ ನಿಂತಿತ್ತು. ಹೋದ ವರ್ಷ ಬೆರಳು ಚಾಕು ಹಿಡಿಯಲಾರೆ ಅಂದಾಗ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಕೆಲಸ ಬಿಟ್ಟೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತು. ಗಾಡಿ ಇಲ್ಲದ ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಜನ ಬೇಕು ಅಂತ ಚರ್ಚಿನಲ್ಲಿ ಹೇಳಿದರು. ಹೆಸರು ಕೊಟ್ಟು ಬಂದು ತಾಡಪಾಲು ತೆಗೆದೆ. ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಎರಡನೇ ತಿರುವಿಗೇ ಎಂಜಿನ್ ಹಿಡಿಯಿತು.

ನನ್ನ ಪಾಲಿಗೆ ಬಂದವಳು ಬರ್ನಿಸ್ ಟಾಲ್ಮನ್. ಶಾಲೆಯ ಅಡುಗೆಮನೆಯಲ್ಲಿದ್ದಳಲ್ಲ, ಎರಡನೇ ಸಲ ತಟ್ಟೆ ಹಿಡಿದು ಬಂದರೆ ನಿನ್ನನ್ನು ಕಣ್ಣಲ್ಲೇ ಸುಟ್ಟು ಕಳಿಸುತ್ತಿದ್ದವಳು. ಈಗ ಎಂಬತ್ತಮೂರು. ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಅಬರ್‌ಡೀನ್‌ಗೆ ಹೋಗಬೇಕು. ಬೇಸಿಗೆಯೆಲ್ಲ ಒಂದು ತೊಂದರೆ ಇಲ್ಲದೆ ಓಡಾಡಿದೆವು. ಅಕ್ಟೋಬರಿನಲ್ಲಿ ಮಳೆ ಶುರುವಾಯಿತು. ಮೊದಲು ಕೀರಲು ಶಬ್ದ. ಆಮೇಲೆ ಎಂಜಿನ್ನಿನ ಬೆಲ್ಟು ಜಾರಿ ಬಿತ್ತು.

ಗ್ಯಾರೇಜಿನವನು ಹೊಸ ಬೆಲ್ಟು ಹಾಕಿದ. ನಾಲ್ಕು ದಿನ ಬಿಸಿಲಿತ್ತು, ಗಾಡಿ ಚೆನ್ನಾಗಿಯೇ ಓಡಿತು. ಮಳೆ ಬಂತು, ಮತ್ತೆ ಬಿತ್ತು. ಇನ್ನೊಂದು ಗ್ಯಾರೇಜು, ಇನ್ನೊಂದು ಬೆಲ್ಟು. ಮೂರನೆಯವನು ಮಾತ್ರ ಪ್ರಾಮಾಣಿಕ, ಮಳೆಯಲ್ಲಿ ಓಡಿಸಬೇಡಿ ಅಂದ. ಜೂನ್‌ವರೆಗೆ ಮಳೆ ನಿಲ್ಲದ ಈ ಊರಿನಲ್ಲಿ ನಿಂತು ಹೇಳಿದ ಮಾತು ಅದು.

ಮೂರು ವಾರದ ಹಿಂದೆ, ಡಯಾಲಿಸಿಸ್ ಮುಗಿಸಿ ಬರುವಾಗ, ರೇಮಂಡ್ ಊರು ಇನ್ನೂ ಹತ್ತು ಮೈಲಿ ಇರುವಾಗ ರಸ್ತೆಯಲ್ಲಿ ನಿಂತ ನೀರಿಗೆ ಚಕ್ರ ಇಳಿಯಿತು. ಕೆಳಗೆ ಏನೋ ಪಟ್ ಅಂತ ಹೊಡೆಯಿತು. ಬ್ಯಾಟರಿ ದೀಪ ಹತ್ತಿಕೊಂಡಿತು. ಸ್ಟೀರಿಂಗ್ ಕಲ್ಲಿನ ಹಾಗೆ ಭಾರವಾಯಿತು. ಹೇಗೋ ಎಳೆದು ಪಕ್ಕಕ್ಕೆ ನಿಲ್ಲಿಸಿದೆ. ಬರ್ನಿಸ್ ಹಿಂದಿನ ಸೀಟಿನಿಂದ, “ಏನೇ ಮಾರ್ಲಿಸ್, ನಿನ್ ಗಾಡಿ ನಮ್ಮನೆ ಬೆಕ್ಕಿಗಿಂತ ಕಡೆಯಾಯ್ತಲ್ಲೇ. ನೀರು ಕಂಡ್ರೆ ಸಾಕು ಕಿರುಚುತ್ತೆ, ಆಮೇಲೆ ಕೂತ್ಬಿಡುತ್ತೆ,” ಅಂದಳು. ನನಗೆ ನಗು ಬರಲಿಲ್ಲ. ಆ ರಸ್ತೆಯಲ್ಲಿ ಹಾಗೆ ನಿಂತಿದ್ದು ನನಗೆ ಎರಡನೇ ಸಲ. ಮೊದಲನೇ ಸಲದ ಕತೆಯನ್ನು ಅವತ್ತು ಬರ್ನಿಸ್‌ಗೆ ಹೇಳಿದೆ, ಸಹಾಯ ಬರುವವರೆಗೂ. ನಿನಗೇ ಇನ್ನೂ ಪೂರ್ತಿ ಹೇಳಿಲ್ಲವಲ್ಲ ಅಂತ ಹೇಳುತ್ತಾ ಹೇಳುತ್ತಾ ಹೊಳೆಯಿತು.

ಆ ದಿನ ಅಮ್ಮ ಮೇಜಿನ ಮುಂದೆ ಕೂತು ಸೇಬು ಸಿಪ್ಪೆ ತೆಗೆಯುತ್ತಿದ್ದಳು. ಚಾಕು ನೆಲಕ್ಕೆ ಬಿತ್ತು. ಎತ್ತಿಕೊಡಲು ಬಗ್ಗಿ ಎದ್ದು ನೋಡಿದರೆ ಅವಳ ಮುಖದ ಬಲಭಾಗ ಇಳಿದುಹೋಗಿತ್ತು. ಆಂಬುಲೆನ್ಸ್ ಕೊಲ್ಲಿಯ ಆಚೆ ಅಪಘಾತಕ್ಕೆ ಹೋಗಿದೆ, ಅರ್ಧ ಗಂಟೆ ಆಗಬಹುದು ಅಂದರು. ಅಷ್ಟು ಹೊತ್ತು ಕಾಯುವುದಕ್ಕಿಂತ ನಾನೇ ವ್ಯಾನಿನಲ್ಲಿ ಅಬರ್‌ಡೀನ್ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅದು ನನ್ನ ತೀರ್ಮಾನ, ಬೇರೆ ಯಾರದೂ ಅಲ್ಲ. ಏರು ಹತ್ತುವಾಗ ಬೆಲ್ಟು ಬಿತ್ತು. ಎಂಜಿನ್ ಕುದಿಯಿತು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಎರಡು ಕಾರುಗಳು ನೀರೆರಚಿಕೊಂಡು ಹಾಗೇ ಹೋದವು. ಮರದ ದಿಮ್ಮಿ ಸಾಗಿಸುವ ಲಾರಿಯವನೊಬ್ಬ ನಿಲ್ಲಿಸುವ ಹೊತ್ತಿಗೆ ನಲವತ್ತು ನಿಮಿಷ. ಅಷ್ಟು ಹೊತ್ತೂ ಅಮ್ಮ ಎಡಗೈಯಲ್ಲಿ ನನ್ನ ತೋಳು ಹಿಡಿದುಕೊಂಡು ಏನೋ ಹೇಳಲು ನೋಡುತ್ತಿದ್ದಳು. ಮಾತು ಬರುತ್ತಿರಲಿಲ್ಲ, ಒಂದೇ ಸ್ವರ ಮತ್ತೆ ಮತ್ತೆ. ನಾನು, “ಆಯ್ತಮ್ಮ, ಆಯ್ತು,” ಅನ್ನುತ್ತಲೇ ಇದ್ದೆ. ಯಾವುದಕ್ಕೆ ಆಯ್ತು ಅಂದೆನೋ ಇವತ್ತಿಗೂ ತಿಳಿಯದು.

ಇನ್ನೊಂದಿದೆ. ಗಾಡಿ ಮೂರು ವಾರದಿಂದ ಕೀರಲಾಡುತ್ತಿತ್ತು ಅಂತ ಆಸ್ಪತ್ರೆಯಲ್ಲಿ ನಾನೇ ನಿನಗೆ ಹೇಳಿದ್ದೆ. ಅಮ್ಮ ಎರಡು ಸಲ, “ಆರ್ವಿಡ್‌ಗೆ ಒಂದು ಫೋನ್ ಮಾಡೇ, ಬಂದು ನೋಡ್ಲಿ,” ಅಂದಿದ್ದಳು ಅನ್ನುವುದನ್ನು ಹೇಳಲಿಲ್ಲ. ನಾನು ಮಾಡಲಿಲ್ಲ. ನೀನು ಬಂದರೆ ಬಾನೆಟ್ ಎತ್ತಿ ಮೊದಲು ನನಗೊಂದು ಪಾಠ ಹೇಳುತ್ತೀಯ, ಎಣ್ಣೆ ನೋಡಿದೆಯಾ, ಗಾಳಿ ನೋಡಿದೆಯಾ ಅಂತ. ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ರೇಡಿಯೋ ಜೋರು ಮಾಡಿಕೊಂಡು ಓಡಿಸಿದೆ. ಹಾಗಾಗಿ ನಾಲ್ಕು ತಿಂಗಳು ಮಲಗಿದ್ದು ಅಮ್ಮ ತೀರಿಕೊಂಡ ಮೇಲೆ, ಮಣ್ಣಿನ ದಿನ, ಅಡುಗೆಮನೆಯಲ್ಲಿ ಅಷ್ಟು ಜನ ಕಾಫಿ ಬಟ್ಟಲು ಹಿಡಿದು ನಿಂತಿದ್ದಾಗ ನೀನು, “ಮೂರು ವಾರ ಕಿರುಚ್ತಿತ್ತು ಅಂತೀಯಲ್ಲ, ನಿನಗೆ ಕಿವಿ ಇರ್ಲಿಲ್ವಾ ಮಾರ್ಲಿಸ್? ಅಮ್ಮನ್ನ ನೀನೇ ಕೊಂದೆ,” ಅಂದಾಗ ನಾನು ಎದುರಾಡಲಿಲ್ಲ. ಅದರಲ್ಲಿ ಸುಳ್ಳು ಎಲ್ಲಿದೆ ಅನ್ನಿಸಿತ್ತು. ನೀನು ಅವತ್ತೇ ಹೊರಟು, ಬೆಟ್ಟದ ಆಚೆ, ವರ್ಷಕ್ಕೆ ನಾಲ್ಕು ಹನಿ ಬೀಳುವ ಯಾಕಿಮಾದಲ್ಲಿ ಹೋಗಿ ಕೂತೆ.

ಈಗ ಎಫ್ರೆನ್ ವಿಷಯಕ್ಕೆ ಬರುತ್ತೇನೆ. ಎಫ್ರೆನ್ ಡಕಾನೈ, ಬರ್ನಿಸ್ ಪಕ್ಕದ ಮನೆಯವನು, ಫಿಲಿಪೀನ್ಸಿನವನು. ಅಲಾಸ್ಕಾದ ಮೀನು ಕಾರ್ಖಾನೆಗಳ ಯಂತ್ರದ ಕೋಣೆಯಲ್ಲಿ ಮೂವತ್ತು ಬೇಸಿಗೆ ಕಳೆದವನು. ಬರ್ನಿಸ್ ಅವನಿಗೆ ಏನು ಹೇಳಿದಳೋ, ಮರುದಿನ ಬೆಳಗ್ಗೆ ರಬ್ಬರ್ ಬೂಟು ಹಾಕಿಕೊಂಡು ಬಂದ. ಅವತ್ತು ಅಪರೂಪಕ್ಕೆ ಬಿಸಿಲು. ಮಳೆ ಬಂದಾಗ ಬನ್ನಿ ಅಂದರೆ ಅವನು, “ಮಳೆ ಯಾಕೆ ಮೇಡಂ, ತೋಟಕ್ಕೆ ನೀರು ಬಿಡೋ ಪೈಪ್ ಕೊಡಿ,” ಅಂದ.

ನನ್ನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಎಂಜಿನ್ ಚಾಲೂ ಮಾಡಿಸಿದ. ಬಾನೆಟ್ ಎತ್ತಿ ಮೇಲಿನಿಂದ ನೀರು ಬಿಟ್ಟ. ಏನೂ ಆಗಲಿಲ್ಲ. ಮುಂದಿನ ಜಾಲರಿಯಿಂದ ಬಿಟ್ಟ. ಆಗಲೂ ಇಲ್ಲ. ಆಮೇಲೆ ಒದ್ದೆ ಜಲ್ಲಿಯ ಮೇಲೆ ಮಲಗಿ, ಬಲಗಡೆ ಮುಂದಿನ ಚಕ್ರದ ಹಿಂದಿನಿಂದ ಒಳಕ್ಕೆ ಪೈಪು ತಿರುಗಿಸಿದ. ಎಣಿಸಿ ಹತ್ತು ಕ್ಷಣ. ಅದೇ ಕೀರಲು. ಪಟ್ ಅಂತ ಬೆಲ್ಟು ಬಿತ್ತು. ನಾನು ಎಂಜಿನ್ ಆರಿಸಿ ಇಳಿದೆ. ಎಫ್ರೆನ್ ನೆನೆದು ತೊಪ್ಪೆಯಾಗಿ ಮಲಗಿದಲ್ಲೇ ನಗುತ್ತಿದ್ದ.

“ಆ ಮೂರು ಜನಾನೂ ಬಿದ್ದಿದ್ದನ್ನ ಎತ್ತಿ ಹಾಕಿದಾರೆ ಮೇಡಂ. ಯಾಕೆ ಬೀಳುತ್ತೆ ಅಂತ ಯಾರೂ ಬಗ್ಗಿ ನೋಡಿಲ್ಲ. ಇಲ್ಲಿ ನಾಲ್ಕು ತೂತು ಕಾಣ್ತಿದ್ಯಾ? ಇಲ್ಲೊಂದು ಪ್ಲಾಸ್ಟಿಕ್ ಮರೆ ಇರ್ಬೇಕು. ಚಕ್ರ ಎರಚೋ ನೀರು ಬೆಲ್ಟಿಗೆ ಹೊಡೀಬಾರ್ದು ಅಂತ. ಯಾರೋ ಬಿಚ್ಚಿದಾರೆ. ವಾಪಸ್ ಹಾಕೋದು ಮರ್ತಿದಾರೆ.”

ಅದು ಹೇಗಿರುತ್ತದೆ ಅಂತ ಕೇಳಿದೆ. ಒಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ. ಅರ್ಧ ಚಂದ್ರ, ಒಂದು ಮೂಲೆ ಯಾರೋ ಕಚ್ಚಿ ತಿಂದ ಹಾಗೆ. ನಾನು ನೇರವಾಗಿ ಹಿತ್ತಲ ಬಾಗಿಲಿಗೆ ಹೋದೆ. ಅಲ್ಲಿ ಕೆಸರಿನ ಬೂಟು ಬಿಡಲು ಅಮ್ಮ ಇಟ್ಟಿದ್ದ ಕಪ್ಪು ತಟ್ಟೆಯೊಂದಿದೆ. ಬೂಟುಗಳನ್ನು ಎತ್ತಿ ಪಕ್ಕಕ್ಕಿಟ್ಟೆ. ಮಣ್ಣು ಒರೆಸಿದೆ. ಅದೇ ಅರ್ಧ ಚಂದ್ರ, ಅಂಚಿನಲ್ಲಿ ನಾಲ್ಕು ತೂತು.

ಅಮ್ಮನಿಗೆ ಹಾಗಾಗುವ ಮುಂಚಿನ ಸೆಪ್ಟೆಂಬರಿನಲ್ಲಿ ನೀನು ಅಮ್ಮನ ಅಂಗಳದಲ್ಲಿ ವ್ಯಾನಿನ ನೀರಿನ ಪಂಪು ಬದಲಿಸಿದ್ದೆ. ಚಕ್ರ ಬಿಚ್ಚಿದ್ದೆ. ಸಾಲ್ಮನ್ ಮೀನು ಆರಿಹೋಗುತ್ತದೆ, ಬಂದು ಉಣ್ಣು ಅಂತ ಅಮ್ಮ ನಾಲ್ಕು ಸಲ ಕೂಗಿದಳು. ಉಂಡು ಎದ್ದವನು ಆತುರದಲ್ಲಿ ಚಕ್ರ ಹಾಕಿ ಹೊರಟೆ. ಹುಲ್ಲಿನಲ್ಲಿ ಉಳಿದ ಆ ಮರೆ ಅಮ್ಮನಿಗೆ ಸಿಕ್ಕಿರಬೇಕು. ಮೊಸರಿನ ಖಾಲಿ ಡಬ್ಬಿಯನ್ನೂ ಎಸೆಯದವಳು ಅವಳು. ತೊಳೆದು ಬಾಗಿಲಲ್ಲಿಟ್ಟಳು. ಅದರ ಮೇಲೆ ನಾವೆಲ್ಲ ಬೂಟು ಬಿಟ್ಟೆವು.

ನೀನೂ ಬಿಟ್ಟೆ, ಆರ್ವಿಡ್. ಮಣ್ಣಿನ ದಿನ ನೀನು ಹಿತ್ತಲ ಬಾಗಿಲಲ್ಲಿ ಬೂಟು ಬಿಚ್ಚಲು ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ. ಅಳುತ್ತಿದ್ದಾನೆ, ಬಿಡು ಅಂತ ನಾನು ಒಳಗೆ ಹೋದೆ. ಅದಾದ ಮೇಲೆಯೇ ನೀನು ಅಡುಗೆಮನೆಗೆ ಬಂದು ಆ ಮಾತು ಆಡಿದ್ದು. ಮೆಕ್ಯಾನಿಕ್ಕಿನ ಕಣ್ಣಿಗೆ ಆ ಆಕಾರ ಗುರುತು ಸಿಗದೆ ಇರುತ್ತದೆಯೇ?

ಆ ಹೊತ್ತಿನಲ್ಲಿ, ನಿಜ ಹೇಳುತ್ತೇನೆ, ನನಗೆ ಕೋಪ ಬಂತು. ಕೋಪ ಅಂದರೆ ತಡೆಯಲಾರದ ಕೋಪ. ಆ ತಟ್ಟೆಯನ್ನು ಹಾಗೇ ಡಬ್ಬದಲ್ಲಿ ಕಟ್ಟಿ, ಒಳಗೆ ಒಂದು ಚೀಟಿಯನ್ನೂ ಇಡದೆ ನಿನ್ನ ವಿಳಾಸಕ್ಕೆ ಕಳಿಸಬೇಕು ಅಂತ ಡಬ್ಬ ಹುಡುಕಿದೆ. ಡಬ್ಬ ಸಿಕ್ಕಿತು ಕೂಡ. ಅಷ್ಟರಲ್ಲಿ ಹೊರಗಿನಿಂದ ಎಫ್ರೆನ್, “ಸಿಕ್ತಾ ಮೇಡಂ? ಇಲ್ದಿದ್ರೆ ಹೊಸದು ತರಿಸೋಣ, ಏನೂ ದೊಡ್ಡ ವಿಷ್ಯ ಅಲ್ಲ,” ಅಂತ ಕೂಗಿದ. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಇಷ್ಟು ಹಗುರ ಇದು. ಇದನ್ನು ಎಂಟು ವರ್ಷ ನೀನು ಒಬ್ಬನೇ ಹೊತ್ತುಕೊಂಡು, ಬೆಟ್ಟದ ಆಚೆ, ಯಾರಿಗೂ ಹೇಳದೆ ಕೂತಿದ್ದೀಯಲ್ಲ ಅನ್ನಿಸಿತು. ನನ್ನ ತಪ್ಪನ್ನು ನೀನು ಎಲ್ಲರೆದುರಿಗೆ ಕೂಗಿ ಹೇಳಿದೆ, ಅದು ನನಗೆ ನೋವಾಯಿತು, ಆದರೂ ಹೊರಗೆ ಬಂತು. ಬರ್ನಿಸ್‌ಳಂಥವರು ಸಮಾಧಾನ ಹೇಳಿದರು. ನಿನ್ನದನ್ನು ಬೈಯಲೂ ಯಾರೂ ಇರಲಿಲ್ಲ, ಬಿಡು ಅನ್ನಲೂ ಯಾರೂ ಇರಲಿಲ್ಲ.

ಮರೆಯನ್ನು ಎಫ್ರೆನ್ ಕೈಗೆ ಕೊಟ್ಟೆ. ಒಂದು ತೂತು ಸೀಳಿತ್ತು, ಅಲ್ಲಿಗೆ ಅಗಲದ ವಾಷರ್ ಕೊಟ್ಟು ಬಿಗಿದ. ಬೆಲ್ಟನ್ನು ಬಿಗಿ ಹಿಡಿಯುವ ಸ್ಪ್ರಿಂಗು ಸೋತಿತ್ತು ಅಂತ ಅದನ್ನೂ ಬದಲಿಸಿದ. ಪುಲ್ಲಿಗಳ ಗೀರಿನಲ್ಲಿ ಹತ್ತಿದ್ದ ಹಳೆಯ ರಬ್ಬರು ಕೆರೆದ. ಮತ್ತೆ ಮಲಗಿ ಕಾಲು ಗಂಟೆ ನೀರು ಹೊಡೆದ. ಬೆಲ್ಟು ಅಲ್ಲಾಡಲಿಲ್ಲ.

ಆಮೇಲಿನ ಸೋಮವಾರ ಬಿದ್ದ ಮಳೆಗೆ ಶಾಲೆಗಳಿಗೇ ರಜೆ ಕೊಟ್ಟರು. ಡಯಾಲಿಸಿಸ್‌ಗೆ ರಜೆ ಇಲ್ಲ. ಅದೇ ಏರು, ಅದೇ ನಿಂತ ನೀರು. ನಾನು ರೇಡಿಯೋ ಹಾಕಲಿಲ್ಲ. ಬರ್ನಿಸ್ ಕೂಡ ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟಿದ್ದಳು. ಏರು ದಾಟಿ ಇಳಿಜಾರಿಗೆ ಬಂದ ಮೇಲೆ, “ಇನ್ನು ಉಸಿರಾಡ್ಬಹುದೇನೇ?” ಅಂದಳು. ಆಮೇಲೆ ಎಷ್ಟೋ ಮಳೆ ಬಂತು. ಒಂದು ಸಲವೂ ಬಿದ್ದಿಲ್ಲ.

ಈ ಪತ್ರವನ್ನು ಮೂರು ಸಲ ಹರಿದೆ. ನಾನು ತಪ್ಪು ತಿಳಿದಿದ್ದರೆ, ನಿನಗೆ ಇದು ಈಗಷ್ಟೇ ಗೊತ್ತಾಗುತ್ತಿದ್ದರೆ, ಎಂಥ ಕ್ರೌರ್ಯ ಮಾಡಿದ ಹಾಗಾಗುತ್ತದೆ ಅಂತ ಹೆದರಿಕೆ. ಹಾಗಾಗಿದ್ದರೆ ಕ್ಷಮಿಸು, ಮುಂದಿನದನ್ನು ಎರಡು ಸಲ ಓದು. ಅಮ್ಮನನ್ನು ನೋಡಿದ ಡಾಕ್ಟರು ಮೊದಲ ವಾರವೇ ನನ್ನನ್ನು ಪಕ್ಕಕ್ಕೆ ಕರೆದು, ಮಿದುಳಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಬಹಳ ದೊಡ್ಡದು, ಬೇಗ ಬಂದಿದ್ದರೂ ಮಾತು ಉಳಿಯುತ್ತಿತ್ತು ಅಂತ ತಾನು ಹೇಳಲಾರೆ ಅಂದಿದ್ದರು. ನನಗೆ ನಂಬಿಕೆ ಬರಲಿಲ್ಲ, ಸಮಾಧಾನಕ್ಕೆ ಹೇಳಿದರು ಅಂದುಕೊಂಡೆ. ನಿನಗೆ ಹೇಳಿದರೆ ನೆಪ ಹೇಳುತ್ತಿದ್ದಾಳೆ ಅನ್ನುತ್ತೀಯ ಅಂತ ಸುಮ್ಮನಿದ್ದೆ. ಇವತ್ತಿಗೂ ಅದು ಪೂರ್ತಿ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ಮಾತು ನಿನಗೂ ಸೇರಬೇಕಾಗಿತ್ತು, ನಾನು ಇಟ್ಟುಕೊಂಡೆ.

ಇನ್ನೊಂದು, ಆ ನಾಲ್ಕು ತಿಂಗಳಲ್ಲಿ ನೀನು ಬಂದಾಗಲೆಲ್ಲ ಅಮ್ಮ ನಿನ್ನ ಮುಂಗೈ ಹಿಡಿದು ಬಿಡುತ್ತಿರಲಿಲ್ಲ ಅಂತ ನೀನು ಬರುವುದನ್ನೇ ನಿಲ್ಲಿಸಿದೆ. ಅವಳು ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಲು ಹಿಡಿದಿದ್ದಲ್ಲ. ಎಲ್ಲರನ್ನೂ ಹಾಗೇ ಹಿಡಿಯುತ್ತಿದ್ದಳು, ಹಾಸಿಗೆ ಬದಲಿಸುವ ನರ್ಸನ್ನೂ. ನಿನ್ನನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು.

ಡಿಸೆಂಬರ್ ಆರು, ಶನಿವಾರ. ಬರ್ನಿಸ್‌ಗೆ ಅವತ್ತು ಬಿಡುವು. ಬೆಳಗ್ಗೆ ಹೊರಟು ಬೆಟ್ಟ ದಾಟಿ ಮಧ್ಯಾಹ್ನದ ಹೊತ್ತಿಗೆ ನಿನ್ನ ಮನೆ ಮುಂದೆ ಇರುತ್ತೇನೆ, ಅಮ್ಮನ ವ್ಯಾನಿನಲ್ಲೇ. ಬೇಡ ಅನ್ನಿಸಿದರೆ ಒಂದು ಸಾಲು ಬರೆದು ತಡೆ. ಇಲ್ಲದಿದ್ದರೆ ಮನೆಯಲ್ಲಿರು, ಸಾಕು. ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ, ವಿವರಿಸಬೇಕಾಗಿಲ್ಲ. ಬಾನೆಟ್ ಎತ್ತಿ ನೋಡು. ಎಫ್ರೆನ್ ಒಳ್ಳೆಯ ಕೆಲಸಗಾರ, ಆದರೆ ಎಲ್ಲೋ ಏನೋ ಸಣ್ಣದೊಂದು ನಿನಗೆ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ಹಿಡಿದು ನನಗೆ ಬೈ. ನಿನ್ನ ಪಾಠ ಈ ಸಲ ಕೊನೆಯವರೆಗೂ ಕೇಳುತ್ತೇನೆ.

ಎಲ್ಲಿದ್ದರೂ ನೀನು ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡುವಂತಾಗಲಿ.

ನಿನ್ನ ಅಕ್ಕ,
ಮಾರ್ಲಿಸ್