ಚೆಲ್ಲಿದ ಮೂರು ಲೋಟ

ಕಂಕನಾಡಿ, ಆಟಿ ತಿಂಗಳು, ೧೯೩೬

ಅಪ್ಪ,

ನೀವು ಹೋದಲ್ಲಿಗೆ ಅಂಚೆ ಇಲ್ಲ; ಹಾಗಾಗಿ ಸ್ಟಾಂಪು ಉಳಿಯಿತು.

ವಿಲಾಯತಿಗೆ ಮರಳಿದ ದೊರೆಸಾನಿಯೊಬ್ಬಳು ನನಗೆ ಭವಿಷ್ಯ ನೋಡುವ ಟಾರೋ ಕಾರ್ಡುಗಳನ್ನೂ ಅವುಗಳ ಪುಸ್ತಕವನ್ನೂ ಕೊಟ್ಟುಹೋದಳು. ಇಸ್ಪೀಟಿನ ಹಾಗೆಯೇ, ಆದರೆ ಇದರಲ್ಲಿ ಸೋತವನಿಗೂ ಭವಿಷ್ಯ ಉಂಟು. ಒಬ್ಬನೇ ಕೂತು ಕಲಿಯುತ್ತಿದ್ದೇನೆ.

ನಿನ್ನೆ ಬಜಪೆಯಿಂದ ನಿಮ್ಮ ತಂಗಿ ಅಮ್ಮಣಿ ಅತ್ತೆ ಬಂದಿದ್ದರು. ಒಂದು ಕಾರ್ಡು ತೋರಿಸಿದೆ. ಕಪ್ಪು ನಿಲುವಂಗಿಯವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಮುಂದೆ ಮೂರು ಲೋಟ ಚೆಲ್ಲಿವೆ, ಹಿಂದೆ ಎರಡು ನೆಟ್ಟಗಿವೆ.

"ಪುಸ್ತಕದ ಪ್ರಕಾರ ಇದು ನಷ್ಟ," ಎಂದೆ.

"ಎಂತ ನಷ್ಟ ಮಾರಾಯ? ಚೆಲ್ಲಿದ್ದಲ್ಲ, ಆಟಿಯಲ್ಲಿ ಸತ್ತವರಿಗೆ ಕಳ್ಳು ಎರೆದದ್ದು. ನಿನ್ನ ಅಜ್ಜನಿಗೆ, ಅಮ್ಮನಿಗೆ, ಅಪ್ಪನಿಗೆ. ಉಳಿದೆರಡು ನನಗೂ ನಿನಗೂ. ಬಿ.ಎ.ಯಲ್ಲಿ ಇದೆಲ್ಲ ಕಲಿಸುವುದಿಲ್ವಾ?"

ಕಳೆದ ಆಟಿಯಲ್ಲಿ ನೀವು ಅಮ್ಮನಿಗೆ ಎಲೆ ಹಾಕಿ ಕಳ್ಳು ಎರೆದಾಗ, "ನೆಲಕ್ಕೂ ಅಮಲೇರುತ್ತದೆ ಅಪ್ಪ," ಎಂದು ನಕ್ಕಿದ್ದೆ. ನೀವು ಎಲೆ ಮಡಚಿದಿರಿ.

ಅತ್ತೆ ಇವತ್ತು ಬೆಳಿಗ್ಗೆ ಹೊರಟುಹೋದರು. ಮಧ್ಯಾಹ್ನ ಎಲೆ ಹಾಕಿದೆ. ನಿಮಗಿಷ್ಟದ ಒಣಮೀನು ಬಡಿಸಿ, ಕಳ್ಳು ಎರೆದೆ.

ನಗುವವರು ಯಾರೂ ಇರಲಿಲ್ಲ.