ಎರಡು ‘ಆಚೆಮನೆಯ ದೀಪ’ಗಳಿವೆ, ಮಾನ್ಯರೇ

ಸರ್ಕಾರಿ ಚಲನಚಿತ್ರ ಭಂಡಾರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

‘ಆಚೆಮನೆಯ ದೀಪ’ ಎಂಬ ಹಳೆಯ ಸಿನಿಮಾವನ್ನು ಒಮ್ಮೆ ನೋಡಲು ಅವಕಾಶ ಕೊಡಿ ಎಂದು ನಾನು ನಿಮ್ಮ ಕಚೇರಿಗೆ ಬರೆದಿದ್ದೆ. ನೀವು ಅದೇ ಹೆಸರಿನ ಟಿವಿ ಧಾರಾವಾಹಿಯ ಕಂತುಗಳನ್ನು ಪೆನ್‌ಡ್ರೈವಿಗೆ ತುಂಬಿ ಕಳಿಸಿ, ‘ಕೋರಿಕೆ ಈಡೇರಿಸಲಾಗಿದೆ’ ಎಂದು ಮುದ್ರೆ ಒತ್ತಿದಿರಿ. ಉಪಕಾರವಾಯಿತು, ನೋಡಿದೆ. ಇಬ್ಬರು ಓರಗಿತ್ತಿಯರು ಒಂದು ಬೀಗದ ಕೈಗಾಗಿ ಕಿತ್ತಾಡುತ್ತಾರೆ. ನೀವು ಕಳಿಸಿದಷ್ಟರಲ್ಲಿ ಬೀಗ ತೆರೆಯಲಿಲ್ಲ.

ಹೆಸರು ಒಂದೇ ಆದದ್ದಕ್ಕೆ ನನ್ನ ತಕರಾರಿಲ್ಲ. ಕಿವಿಗೆ ಹಿತವಾದ ಮಾತುಗಳು ಯಾರಪ್ಪನ ಮನೆಯ ಸ್ವತ್ತೂ ಅಲ್ಲ. ಸಿನಿಮಾದವರು ಇಟ್ಟದ್ದನ್ನು ಧಾರಾವಾಹಿಯವರು ಇಡಲಿ, ನಾಳೆ ದೀಪದ ಅಂಗಡಿಯವರೂ ಇಡಲಿ. ಆದರೆ ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರೆ, ಮೊದಲು ಸೇರಿದವಳನ್ನು ಯಾವ ಮೇಷ್ಟ್ರಾದರೂ ಮನೆಗೆ ಅಟ್ಟುತ್ತಾರೆಯೇ?

ನನ್ನ ಅಮ್ಮ ಸಿನಿಮಾದವರಿಗೆ ಉಡುಪು ಹೊಲಿಯುತ್ತಿದ್ದಳು. ಆ ಚಿತ್ರದಲ್ಲಿ ದಾದಿಯಾದ ನಾಯಕಿ ಅನಾಥ ಶಿಶುವಿನ ಅಳು ನಿಲ್ಲಿಸುವ ದೃಶ್ಯವಿದೆ. ಗೊತ್ತು ಮಾಡಿದ್ದ ಮಗುವಿಗೆ ಜ್ವರ ಬಂದು, ಹೊಲಿಗೆ ಯಂತ್ರದ ಪಕ್ಕ ಮಲಗಿದ್ದ ನನ್ನನ್ನೇ ಎತ್ತಿಕೊಂಡು ಹೋದರಂತೆ. ನಾಯಕಿಯ ಕೈಯಲ್ಲಿ ನಾನು ಊರೇ ಒಂದಾಗುವಂತೆ ಅತ್ತೆನಂತೆ. ಕೊನೆಗೆ ನಿರ್ದೇಶಕರು ಬೇಸತ್ತು, ಅಮ್ಮನೇ ಹೊಲಿದಿದ್ದ ದಾದಿಯ ಉಡುಪನ್ನು ಅವಳಿಗೇ ತೊಡಿಸಿ, ಸಡಿಲವಾದಲ್ಲೆಲ್ಲ ಪಿನ್ನು ಚುಚ್ಚಿಸಿ ಕ್ಯಾಮೆರಾದ ಮುಂದೆ ನಿಲ್ಲಿಸಿ, ನನ್ನನ್ನು ಹಿಡಿದ ಕೈಗಳನ್ನಷ್ಟೇ ಚಿತ್ರಿಸಿಕೊಂಡರು. ನಾನು ಬಾಯಿ ಮುಚ್ಚಿದೆ. “ಮುಖ ಅವಳದು, ಕೈ ನಂದು ಕಣೇ,” ಎಂದು ಅಮ್ಮ ನಗುತ್ತಿದ್ದಳು.

ನನಗೆ ಮಗು ಹುಟ್ಟುವ ಹಿಂದಿನ ವರ್ಷ ಅಮ್ಮ ಹೋದಳು. ಇರುವ ಫೋಟೋಗಳಲ್ಲೆಲ್ಲ ಅವಳು ಕೈಕಟ್ಟಿ ನಿಂತಿದ್ದಾಳೆ. ನನ್ನ ಮಗುವೋ, ಭುಜಕ್ಕೆ ಹಾಕಿಕೊಂಡರೂ ಅಳುತ್ತದೆ, ತೊಡೆಯ ಮೇಲೆ ಮಲಗಿಸಿದರೂ ಅಳುತ್ತದೆ. ಪದವಿ ಓದಿದವಳು ನಾನು, ಶಿಶುಪಾಲನೆಯ ಪುಸ್ತಕಗಳನ್ನೂ ಅರೆದು ಕುಡಿದಿದ್ದೇನೆ. ‘ಆತ್ಮವಿಶ್ವಾಸದಿಂದ ಎತ್ತಿಕೊಳ್ಳಿ’ ಎಂದು ಬರೆದಿದ್ದಾರೆ. ಅದು ಎಲ್ಲಿ ಸಿಗುತ್ತದೆಂದು ಬರೆದಿಲ್ಲ. ನಮ್ಮವರು ಬೆಳಿಗ್ಗೆ ಕೆಲಸಕ್ಕೆ ಹೊರಟರೆಂದರೆ ಮನೆಯಲ್ಲಿ ಮಾತು ಬರುವವಳು ನಾನೊಬ್ಬಳೇ. ಸಂಜೆ ಅವರು ಬಂದು ಇವತ್ತು ಏನಾಯಿತು ಎಂದು ಕೇಳಿದರೆ, ಹೇಳಲು ಏನೂ ಆಗಿರುವುದಿಲ್ಲ.

ಪೆನ್‌ಡ್ರೈವು ಹಿಡಿದು, ಮಗುವನ್ನೂ ಎತ್ತಿಕೊಂಡು ನಿಮ್ಮ ಕಚೇರಿಗೇ ಬಂದೆ. ಕಿಟಕಿಯಾಚೆಯ ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ಫ್ಯಾನು ನನ್ನತ್ತ ತಿರುಗಿಸಿದರು. ಆಮೇಲೆ ನಿಮ್ಮ ಪದ್ಧತಿಯನ್ನು ವಿವರಿಸಿದರು.

“ಒಂದೇ ಹೆಸರಿಂದು ಎರಡೆರಡು ಇಟ್ಕೊಂಡು ಏನ್ಮಾಡೋದಮ್ಮಾ? ಹೊಸದು ಬಂದ್ರೆ ಹಳೇದನ್ನ ನಕಲು ಅಂತ ಬರೆದು ಗೋದಾಮಿಗೆ ಹಾಕ್ತೀವಿ. ಆಮೇಲೆ ವಿಲೇವಾರಿ.”

ಇದು ನಕಲಲ್ಲ, ಕಥೆಯೇ ಬೇರೆ ಎಂದೆ.

“ಕಥೆ ಯಾರು ನೋಡ್ತಾರೆ? ನಮಗೆ ಹೆಸರೇ ಲೆಕ್ಕ.”

ಅಷ್ಟರಲ್ಲಿ ಮಗು ಶುರು ಮಾಡಿತು. ಅವರು ಅದರ ಮುಖ ನೋಡಿ ಮೆತ್ತಗೆ ಕೇಳಿದರು: “ಮನೇಲಿ ಅಜ್ಜಿ ಇಲ್ವಾಮ್ಮಾ?”

ನಿಮ್ಮ ಗೋದಾಮಿನಲ್ಲಿದ್ದಾರೆ ಎನ್ನಬೇಕೆನಿಸಿತು. ಎದ್ದು ಬಂದೆ.

ಮಾನ್ಯರೇ, ನೂರಾರು ಜನ ಬೆವರು ಸುರಿಸಿ ಮಾಡಿದ್ದು, ತನ್ನ ಹೆಸರನ್ನು ಇನ್ನೊಬ್ಬರು ಇಟ್ಟುಕೊಂಡ ಮಾತ್ರಕ್ಕೆ ನಕಲಾಗುವುದು ಯಾವ ನ್ಯಾಯ? ಮೊದಲು ಬಂದದ್ದು ಆಮೇಲೆ ಬಂದದ್ದರ ನಕಲು ಹೇಗಾಗುತ್ತದೆ? ಇದನ್ನು ಯಾರೂ ಕೇಳಲಿಲ್ಲವೇ, ಅಥವಾ ಕೇಳಿದವರಿಗೂ ಒಂದೊಂದು ಪೆನ್‌ಡ್ರೈವು ಕೊಟ್ಟಿರೋ?

ನನ್ನ ಒತ್ತಾಯ ಇಷ್ಟೇ. ವಿಲೇವಾರಿಯನ್ನು ಈಗಲೇ ನಿಲ್ಲಿಸಿ. ಪ್ರತಿ ಹೆಸರಿನ ಮುಂದೆ ಅದು ಸಿನಿಮಾವೋ ಧಾರಾವಾಹಿಯೋ, ಯಾವ ವರ್ಷದ್ದೋ ಬರೆಸಿ. ಗೋದಾಮಿನ ಬಾಗಿಲು ತೆಗೆಸಿ ಆ ರೀಲನ್ನು ಹುಡುಕಿಸಿ. ಹಾಳಾಗಿದ್ದರೆ ಹಾಳಾಗಿದೆ ಎಂದು ನೇರವಾಗಿ ತಿಳಿಸಿ, ತಡೆದುಕೊಳ್ಳುತ್ತೇನೆ. ಉಳಿದಿದ್ದರೆ ಆ ಒಂದು ದೃಶ್ಯ ತೋರಿಸಿ, ಸಾಕು. ಮಗುವನ್ನು ಕರೆದುಕೊಂಡೇ ಬರುತ್ತೇನೆ, ಬಿಟ್ಟು ಬರಲು ಯಾರೂ ಇಲ್ಲ. ಅದು ಅಳುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮೇಲೆ ಆ ಕೈಗಳು ಹೇಗೆ ಹಿಡಿದಿವೆಯೋ ನೋಡಿಕೊಂಡು, ಅಲ್ಲೇ, ಆ ಕತ್ತಲಲ್ಲೇ, ಹಾಗೆಯೇ ಹಿಡಿದು ನೋಡುತ್ತೇನೆ.

ಇಂತಿ,
ಕೇಳಲು ಮನೆಯಲ್ಲಿ ಹಿರಿಯರಿಲ್ಲದ್ದರಿಂದ ಸರ್ಕಾರವನ್ನು ಕೇಳುತ್ತಿರುವ
ಒಬ್ಬ ತಾಯಿ