ಬಾಯಿ ನೋಡುವವರು

ಗದಗ, ಫೆಬ್ರವರಿ ಮೂವತ್ತು, ೨೩೧೧
ಯುಗಾದಿ

ಹಿಂದಿನ ಕಾಲದ ಹಿರಿಯರಿಗೆ ಬಸಲಿಂಗಮ್ಮನ ಶರಣು.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮಲ್ಲಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು.

ಇಂಗ್ಲಿಷ್ ಮಾತಾಡುವವರು ಈಗ ಭೂಮಿಯ ಮೇಲೆ ಯಾರೂ ಇಲ್ಲ. ಅದರ ಅಪರೂಪದ ಪದಗಳಾದರೂ ಉಳಿಯಲಿ ಎಂದು ಮನೆಗೊಂದರಂತೆ ಹಂಚಿದ್ದಾರೆ. ಇದಕ್ಕೆ ನುಡಿಗಾವಲು ಎನ್ನುತ್ತೇವೆ. ಪದದಲ್ಲಿರುವ ಸಂಗತಿ ಮನೆಯವರ ನಡುವೆ ವರ್ಷಕ್ಕೊಮ್ಮೆಯಾದರೂ ನಿಜವಾಗಿ ನಡೆಯಬೇಕು, ಆಗ ಅದನ್ನು ಬಾಯಿಬಿಟ್ಟು ಹೇಳಬೇಕು. ಯುಗಾದಿಯ ಸಂಜೆಯೊಳಗೆ ಹೇಳದಿದ್ದರೆ ಪದವನ್ನು ಕೈಬಿಡುತ್ತಾರೆ. ಪಕ್ಕದ ಮನೆಗೆ ‘ಅಪ್ರಿಸಿಟಿ’ ಬಂದಿತ್ತು: ಚಳಿಗಾಲದ ಬಿಸಿಲಿನ ಹಿತ. ಚಳಿಗಾಲವೇ ಹೋದ ಮೇಲೆ ಅದೂ ಹೋಯಿತು. ನಮ್ಮ ಪಾಲಿಗೆ ಬಂದದ್ದು ‘ಗ್ರೋಕ್’. ಉಣ್ಣುವವರ ಎದುರು ಕೂತು, ನನಗೂ ಒಂದು ತುತ್ತು ಸಿಕ್ಕೀತೇ ಎಂದು ಮಾತಿಲ್ಲದೆ ಬಾಯಿ ನೋಡುವುದು. ನಮ್ಮಜ್ಜ ಹಣೆ ಹಣೆ ಚಚ್ಚಿಕೊಂಡನಂತೆ.

ಅಜ್ಜನ ಸಂಕಟಕ್ಕೆ ಕಾರಣವಿತ್ತು. ನಮ್ಮಲ್ಲಿ ಯಾರೂ ಒಟ್ಟಿಗೆ ಉಣ್ಣುವುದಿಲ್ಲ. ಒಬ್ಬೊಬ್ಬರಿಗೂ ಒಂದು ಉಣ್ಣುಗೂಡು. ಬಾಗಿಲು ಹಾಕಿಕೊಂಡು, ಅಳೆದು ಕಳಿಸಿದ್ದನ್ನು ತಿಂದು ಹೊರಗೆ ಬರುವುದು. ಎದುರು ಕೂತು ತಿನ್ನುವುದೆಂದರೆ ನಾಚಿಕೆಗೇಡು. ಆದರೆ ಪದ ಕಾಯಲೆಂದು ನಮಗೆ ವರ್ಷಕ್ಕೊಂದು ಸಲ ವಿನಾಯಿತಿ. ಯುಗಾದಿಯಂದು ನಾನು ಹೋಳಿಗೆ ತಿನ್ನಬೇಕು, ಅಕ್ಕ ನೀಲಾಂಬಿಕೆ ಎದುರು ಕೂತು ಬಾಯಿ ನೋಡಬೇಕು. ಪಾಪದ ಮುಖ ಮಾಡುವುದರಲ್ಲಿ ಅವಳು ಭಾರೀ ಜಾಣೆ. ನನಗೆ ನಗು ತಡೆಯದೆ ತುಪ್ಪವೆಲ್ಲ ಸೀರೆಗೆ. ಆಮೇಲೆ ಪದ ಹೇಳಿ, ಅರ್ಧ ಹೋಳಿಗೆ ಅವಳ ಬಾಯಿಗಿಡುತ್ತಿದ್ದೆ. ಇಡೀ ವರ್ಷ ಆ ಒಂದು ಊಟಕ್ಕಾಗಿ ಕಾಯುತ್ತಿದ್ದೆವು.

ಹೋದ ಯುಗಾದಿಯ ಹೊತ್ತಿಗೆ ಅಕ್ಕನ ಗಂಟಲಲ್ಲಿ ಹುಣ್ಣು, ನೀರೂ ಇಳಿಯುತ್ತಿರಲಿಲ್ಲ. ನಾನು ತಾಟು ಮುಟ್ಟಲಿಲ್ಲ. “ತಿನ್ನವಾ ತಂಗಿ, ನಾ ನೋಡ್ತೀನಿ,” ಅಂದಳು. ಆ ಸಲ ಪಾಪದ ಮುಖ ಮಾಡಲಿಲ್ಲ, ಸುಮ್ಮನೆ ನೋಡಿದಳು. ನಾನು ನುಂಗಿದಾಗಲೆಲ್ಲ ಅವಳ ಗಂಟಲೂ ಏಳುತ್ತಿತ್ತು, ಇಳಿಯುತ್ತಿತ್ತು. ಅಳುತ್ತಲೇ ತಿಂದೆ, ಅಳುತ್ತಲೇ ಪದ ಹೇಳಿದೆ. ಅರ್ಧ ಹೋಳಿಗೆ ಕೈಯಲ್ಲೇ ಉಳಿಯಿತು. ಶ್ರಾವಣಕ್ಕೆ ಮುಂಚೆ ಅಕ್ಕ ಹೋದಳು. ಮನೆಯಲ್ಲಿ ಈಗ ನಾನೊಬ್ಬಳೇ.

ನೀವು ದಿನಾ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೀರಂತೆ. ನಂಬಲಾಗುವುದಿಲ್ಲ, ಹೊಟ್ಟೆಕಿಚ್ಚೂ ಆಗುತ್ತದೆ. ದಯವಿಟ್ಟು ಎದುರಿಗೆ ಕೂತವರನ್ನು ಒಮ್ಮೆ ತಲೆಯೆತ್ತಿ ನೋಡಿ.

ಸಂಜೆಯಾಗುತ್ತಿದೆ. ಹೋಳಿಗೆಗೆ ತುಪ್ಪ ಹಾಕಿಕೊಂಡು ಕೂತಿದ್ದೇನೆ. ಪದ ನಾಲಿಗೆಯ ಮೇಲೇ ಇದೆ. ನನ್ನ ಬಾಯಿ ನೋಡುವವರು ಯಾರೂ ಇಲ್ಲ.